ಲಾನಿಗೆ ಗೊಬ್ಬರ: ಮೊದಲು ಮಣ್ಣು, ಆಮೇಲೆ ಯೂರಿಯಾ

ಮಳೆ ಬಂದು ನಿಂತ ಮರುದಿನ ಬೆಳಿಗ್ಗೆ ಒಂದು ಉದ್ದನೆಯ ಸ್ಕ್ರೂಡ್ರೈವರ್ ಹಿಡಿದು ಮನೆ ಮುಂದಿನ ಲಾನಿಗೆ ಇಳಿಯಿರಿ. ಹುಲ್ಲಿನ ನಡುವೆ ನೇರವಾಗಿ ನಿಲ್ಲಿಸಿ ಅಂಗೈಯಿಂದ ಒತ್ತಿ. ನಾಲ್ಕೈದು ಇಂಚು ಸಲೀಸಾಗಿ ಇಳಿದರೆ ನಿಮ್ಮ ಕೆಲಸ ಅರ್ಧ ಮುಗಿದಂತೆ. ಒಂದೇ ಇಂಚಿಗೆ ಟಕ್ಕೆಂದು ನಿಂತುಬಿಟ್ಟರೆ, ಮೇಲೆ ಎಷ್ಟು ಗೊಬ್ಬರ ಸುರಿದರೂ ಹುಲ್ಲು ಉಣ್ಣುವುದು ಆ ಒಂದು ಇಂಚಿನಲ್ಲೇ.

ಬೆಂಗಳೂರಿನ ನಮ್ಮ ಮನೆಗೆ ಬಂದಾಗ ಅಂಗಳದಲ್ಲಿ ನಾಲ್ಕು ಚದರದಷ್ಟು ಲಾನ್ ಇತ್ತು. ಮೊದಲ ವರ್ಷ ಪ್ರತಿ ತಿಂಗಳೂ ಯೂರಿಯಾ ಹಾಕಿಸಿದೆ. ಹಾಕಿದ ವಾರ ಕಡುಹಸಿರು, ಮೂರನೇ ವಾರಕ್ಕೆ ಮತ್ತೆ ಹಳದಿ. ಕೊನೆಗೆ ಒಂದು ಗಿಡ ನೆಡಲು ಮೂಲೆ ಅಗೆಯಹೊರಟ ಮಾಲಿ ಹಾರೆ ನಿಲ್ಲಿಸಿ ಕರೆದ: "ಅಮ್ಮಾ, ಇಲ್ಲಿ ಬನ್ನಿ. ಕೆಳಗೆ ಮಣ್ಣೇ ಇಲ್ಲ, ಬರೀ ಗಾರೆ ಐತೆ." ಎರಡು ಇಂಚು ಕೆಮ್ಮಣ್ಣು, ಅದರ ಕೆಳಗೆ ಇಟ್ಟಿಗೆ ಚೂರು, ಸಿಮೆಂಟಿನ ಹೆಂಟೆ, ಜಲ್ಲಿ. ಮನೆ ಕಟ್ಟಿ ಉಳಿದ ಕಸದ ಮೇಲೆ ಮಣ್ಣು ಹರಡಿ ಹುಲ್ಲು ಹಾಸಿದ್ದರು. ನಗರದಲ್ಲಿ ಇದು ಅಪರೂಪವೇನಲ್ಲ. ಆದ್ದರಿಂದ ಈ ಮಾರ್ಗದರ್ಶಿಯ ಅರ್ಧಭಾಗ ಮಣ್ಣಿನ ಬಗ್ಗೆಯೇ ಇದೆ. ಗೊಬ್ಬರದ ಲೆಕ್ಕ ಕಷ್ಟವಲ್ಲ, ಒಂದು ಸಂಜೆಯಲ್ಲಿ ಕಲಿಯಬಹುದು. ಮಣ್ಣು ಸರಿಹೋಗಲು ಎರಡು ಮೂರು ಮಳೆಗಾಲ ಬೇಕು.

ಇಲ್ಲಿನ ಅಳತೆಗಳೆಲ್ಲ ಒಂದು ಚದರಕ್ಕೆ, ಅಂದರೆ 100 ಚದರ ಅಡಿಗೆ. ಲಾನಿನ ಉದ್ದ ಅಗಲ ಅಡಿಯಲ್ಲಿ ಅಳೆದು ಗುಣಿಸಿ, ನೂರರಿಂದ ಭಾಗಿಸಿ. ಈ ಒಂದು ಲೆಕ್ಕವನ್ನು ಕಣ್ಣಂದಾಜಿಗೆ ಬಿಡಬೇಡಿ. ಬಹುತೇಕ ಹುಲ್ಲು ಸುಡುವುದು ಈ ಅಂದಾಜಿನಿಂದಲೇ.

ನಿಮ್ಮ ಹುಲ್ಲು ಯಾವುದು

ಇಲ್ಲಿಯ ನರ್ಸರಿಗಳಲ್ಲಿ "ಮೆಕ್ಸಿಕನ್ ಗ್ರಾಸ್" ಎಂದು ಚೌಕ ಚೌಕವಾಗಿ ಮಾರುವುದು ಜೋಯ್ಸಿಯಾ ಜಾತಿಯ ಹುಲ್ಲು. ಸಣ್ಣ ಎಲೆ, ದಟ್ಟ ಹಾಸು, ನಿಧಾನದ ಬೆಳವಣಿಗೆ. ಗೊಬ್ಬರ ಹಿತಮಿತವಾಗಿ ಸಾಕು. ಅಗಲ ಎಲೆಯ "ಬಫೆಲೊ ಗ್ರಾಸ್" ಅಥವಾ ಕಾರ್ಪೆಟ್ ಹುಲ್ಲು ಸ್ವಲ್ಪ ನೆರಳನ್ನೂ ತಡೆಯುತ್ತದೆ, ಅದಕ್ಕೆ ಇನ್ನೂ ಕಡಿಮೆ ಸಾಕು. ಬರ್ಮುಡಾ ಎನ್ನುವುದು ಬೇರೆ ಯಾವುದೂ ಅಲ್ಲ, ಗಣಪತಿಗೆ ಏರಿಸುವ ನಮ್ಮ ಗರಿಕೆಯೇ. ಆಟದ ಮೈದಾನಗಳಿಗೆಂದು ಅದರ ತಳಿಗಳನ್ನು ಅಭಿವೃದ್ಧಿ ಮಾಡಿದ್ದಾರೆ, ಅಷ್ಟೆ. ಗರಿಕೆಗೆ ಪೂರ್ತಿ ಬಿಸಿಲು ಬೇಕು, ಹಸಿವೂ ಹೆಚ್ಚು.

ಮೂರಕ್ಕೂ ಬಿಸಿಲಿನ ಬದಲಿಗೆ ಗೊಬ್ಬರ ಆಗುವುದಿಲ್ಲ. ಮಾವಿನ ಮರದಡಿಯಲ್ಲಿ, ಎತ್ತರದ ಕಾಂಪೌಂಡಿನ ಬುಡದಲ್ಲಿ ದಿನಕ್ಕೆ ನಾಲ್ಕು ಗಂಟೆ ಬಿಸಿಲೂ ಬೀಳದಿದ್ದರೆ ಅಲ್ಲಿ ಹುಲ್ಲು ತೆಳುವಾಗುತ್ತಲೇ ಹೋಗುತ್ತದೆ. ಅಂಥ ಜಾಗಕ್ಕೆ ಹೆಚ್ಚು ಗೊಬ್ಬರ ಹಾಕಿದರೆ ಎಲೆ ಜೊಳ್ಳಾಗಿ ಉದ್ದ ಬೆಳೆದು ಬೂಷ್ಟು ಹಿಡಿಯುತ್ತದೆ. ಅಲ್ಲಿಗೆ ಅರ್ಧ ಪ್ರಮಾಣ ಸಾಕು. ಇಲ್ಲವೇ ಹುಲ್ಲಿನ ಆಸೆ ಬಿಟ್ಟು ನೆರಳಿನ ಗಿಡ ಹಾಕಿ.

ಮಣ್ಣನ್ನು ಕೇಳಿ ನೋಡುವುದು

ಸ್ಕ್ರೂಡ್ರೈವರನ್ನು ಒಂದೇ ಕಡೆ ಚುಚ್ಚಿ ಬಿಡಬೇಡಿ. ಹತ್ತು ಕಡೆ ಚುಚ್ಚಿ, ಎಲ್ಲಿ ಎಷ್ಟು ಇಂಚು ಇಳಿಯಿತೆಂದು ಬರೆದಿಡಿ. ಗೇಟಿನ ಹತ್ತಿರ, ಜನ ನಡೆದಾಡುವ ದಾರಿಯಲ್ಲಿ, ಕಾರು ತಿರುಗಿಸುವ ಕಡೆ ಖಂಡಿತ ಕಡಿಮೆ ಇಳಿಯುತ್ತದೆ.

ಎರಡನೆಯದು ನೀರಿನ ಪರೀಕ್ಷೆ. ಅಂಚಿನಲ್ಲಿ ಅರ್ಧ ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ, ಇಂಗಿದ ಮೇಲೆ ಮತ್ತೆ ತುಂಬಿಸಿ. ಎರಡನೇ ಸಲದ ನೀರು ಗಂಟೆಗೆ ಒಂದು ಇಂಚಾದರೂ ಇಳಿಯಬೇಕು. ಅರ್ಧ ದಿನವಾದರೂ ನಿಂತೇ ಇದ್ದರೆ ಕೆಳಗೆ ಗಟ್ಟಿ ಪದರವಿದೆ ಎಂದರ್ಥ. ಆ ಗುಂಡಿಯ ಗೋಡೆಯಲ್ಲೇ ಬೇರು ಎಷ್ಟು ಆಳಕ್ಕೆ ಹೋಗಿದೆ, ಗಾರೆ ಚೂರು ಇದೆಯೇ ಎನ್ನುವುದೂ ಕಾಣುತ್ತದೆ.

ಗಾರೆಯ ಅನುಮಾನವಿದ್ದರೆ ಆ ಗುಂಡಿಯಿಂದ ಒಂದು ಹಿಡಿ ಮಣ್ಣನ್ನು ಒಣಗಿಸಿ ತಟ್ಟೆಗೆ ಹಾಕಿ ವಿನೆಗರ್ ಹನಿಸಿ, ಕಿವಿ ಹತ್ತಿರ ತನ್ನಿ. ಸಣ್ಣಗೆ ಗುಳುಗುಳು ಸದ್ದು ಬಂದು ನೊರೆ ಎದ್ದರೆ ಅದರಲ್ಲಿ ಸುಣ್ಣದಂಶವಿದೆ. ಬೆಂಗಳೂರಿನ ಕೆಮ್ಮಣ್ಣು ಸಹಜವಾಗಿ ತುಸು ಹುಳಿ ಗುಣದ್ದು, ನೊರೆ ಬರಬಾರದು. ಬಂತೆಂದರೆ ಅದು ಮನೆ ಕಟ್ಟಿದವರ ಕಾಣಿಕೆ.

ಇವೆಲ್ಲ ಮನೆಯಲ್ಲೇ ಮಾಡುವಂಥವು. ನಿಜವಾದ ಮಣ್ಣು ಪರೀಕ್ಷೆಯನ್ನು ಎರಡು ಮೂರು ವರ್ಷಕ್ಕೊಮ್ಮೆಯಾದರೂ ಮಾಡಿಸಿ. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ, ಕೃಷಿ ವಿಶ್ವವಿದ್ಯಾಲಯಗಳಲ್ಲಿ ಮಣ್ಣು ಪರೀಕ್ಷೆಯ ಪ್ರಯೋಗಾಲಯಗಳಿವೆ. ಮಾದರಿ ತೆಗೆಯುವುದರಲ್ಲಿ ತಪ್ಪಿದರೆ ವರದಿಗೆ ಬೆಲೆಯಿಲ್ಲ, ಆದ್ದರಿಂದ ಇದನ್ನು ಗಮನವಿಟ್ಟು ಮಾಡಿ:

1. ಗೊಬ್ಬರ ಹಾಕಿ ಒಂದೂವರೆ ತಿಂಗಳಾದರೂ ಕಳೆದಿರಲಿ. ಬೇಸಿಗೆಯ ಕೊನೆ, ಮೊದಲ ಮಳೆಗೆ ಮುಂಚೆ, ಒಳ್ಳೆಯ ಕಾಲ.
2. ಲಾನಿನ ಎಂಟು ಹತ್ತು ಕಡೆ ಹುಲ್ಲಿನ ಪದರ ಸರಿಸಿ, ನಾಲ್ಕು ಇಂಚು ಆಳದವರೆಗೆ ಕರಣೆಯಿಂದ ತೆಳುವಾದ ಹೋಳು ತೆಗೆಯಿರಿ. ಬೇರು, ಕಲ್ಲು ಆರಿಸಿ ಹಾಕಿ.
3. ಎಲ್ಲವನ್ನೂ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ. ಗೊಬ್ಬರ ಕಲಸಿದ ಬಕೆಟ್, ತುಕ್ಕು ಹಿಡಿದ ಕಬ್ಬಿಣದ ಬಾಂಡ್ಲಿ ಬೇಡ.
4. ಪೇಪರಿನ ಮೇಲೆ ಹರಡಿ, ನಾಲ್ಕು ಭಾಗ ಮಾಡಿ, ಎದುರು ಬದುರಿನ ಎರಡು ಭಾಗ ಬಿಟ್ಟುಬಿಡಿ. ಅರ್ಧ ಕಿಲೋ ಉಳಿಯುವವರೆಗೂ ಹೀಗೇ ಮಾಡಿ.
5. ನೆರಳಲ್ಲಿ ಒಣಗಿಸಿ, ಬಟ್ಟೆ ಚೀಲಕ್ಕೆ ತುಂಬಿ, ತೆಗೆದ ದಿನ, ಆಳ, ಹುಲ್ಲಿನ ಜಾತಿ ಬರೆದು ಕೊಡಿ.

ವರದಿಯಲ್ಲಿ ಮೊದಲು ನೋಡಬೇಕಾದ್ದು ಎರಡು ಸಾಲು. ಒಂದು ರಸಸಾರ (pH), ಅಂದರೆ ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಎನ್ನುವ ಅಳತೆ. 6ರಿಂದ 7ರ ನಡುವೆ ಇದ್ದರೆ ಈ ಹುಲ್ಲುಗಳಿಗೆ ಚೆನ್ನ. ಇನ್ನೊಂದು ಸಾವಯವ ಇಂಗಾಲ, ಅಂದರೆ ಕೊಳೆತ ಎಲೆ, ಬೇರು, ಗೊಬ್ಬರದಿಂದ ಮಣ್ಣಿಗೆ ಸೇರಿದ ಇಂಗಾಲ. 0.5 ಶೇಕಡಾಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಉತ್ತಮ ಎನ್ನುತ್ತಾರೆ. ಈ ಎರಡನೆಯ ಅಂಕಿಯನ್ನು ಮೇಲೆತ್ತುವುದೇ ನನ್ನ ಪ್ರಕಾರ ಲಾನ್ ಇಟ್ಟವರ ಮುಖ್ಯ ಕೆಲಸ. ಸಾರಜನಕ ಬರುತ್ತದೆ, ಹೋಗುತ್ತದೆ. ಇಂಗಾಲ ಹೆಚ್ಚಿದ ಮಣ್ಣು ನೀರನ್ನೂ ಹಿಡಿಯುತ್ತದೆ, ಹಾಕಿದ ಗೊಬ್ಬರವನ್ನೂ ಹಿಡಿದಿಟ್ಟುಕೊಂಡು ನಿಧಾನವಾಗಿ ಬಡಿಸುತ್ತದೆ.

ರಸಸಾರ 5.5ಕ್ಕಿಂತ ಕೆಳಗಿದ್ದರೆ ಕೃಷಿ ಸುಣ್ಣ ಬೇಕಾಗುತ್ತದೆ. ಹೆಚ್ಚು ಮಳೆ ಬೀಳುವ ಮಲೆನಾಡು, ಕರಾವಳಿಯ ಅಂಗಳಗಳಲ್ಲಿ ಇದು ಸಾಮಾನ್ಯ. ಪ್ರಮಾಣವನ್ನು ವರದಿ ನೋಡಿಯೇ ತೀರ್ಮಾನಿಸಿ, ಒಂದೇ ಸಲಕ್ಕೆ ಚದರಕ್ಕೆ ಎರಡು ಕಿಲೋ ಮೀರಬೇಡಿ. ಸುಣ್ಣ ಹಾಕಿದ ಎರಡು ವಾರದೊಳಗೆ ಯೂರಿಯಾ ಹಾಕಿದರೆ ಸಾರಜನಕದ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹಾರಿಹೋಗುತ್ತದೆ.

ಗಟ್ಟಿ ಮಣ್ಣು ಸಡಿಲಿಸುವುದು

"ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎಂಬ ಮಾತು ಲಾನಿಗೂ ಸಲ್ಲುತ್ತದೆ. ಏಪ್ರಿಲ್ ಕೊನೆಯಿಂದ ಮೇ ಎರಡನೇ ವಾರದವರೆಗಿನ ಆ ಮಳೆ ಎರಡು ಸಲ ಚೆನ್ನಾಗಿ ಹೊಯ್ದರೆ ಹುಲ್ಲಿಗೆ ಜೀವ ಬರುತ್ತದೆ, ಮಣ್ಣಿಗೆ ಹದ ಬರುತ್ತದೆ. ಒಂದು ಹಿಡಿ ಮಣ್ಣು ಹಿಂಡಿ ಉಂಡೆ ಮಾಡಿ, ಬೆರಳಿಂದ ತಟ್ಟಿ. ಉಂಡೆ ಪುಡಿಯಾಗಿ ಉದುರಿದರೆ ಅದೇ ಹದ. ರೊಟ್ಟಿ ಹಿಟ್ಟಿನಂತೆ ಮೆತ್ತಿಕೊಂಡರೆ ಎರಡು ದಿನ ಕಾಯಿರಿ. ಒದ್ದೆ ಜೇಡಿಯಲ್ಲಿ ಚುಚ್ಚಿದರೆ ತೂತಿನ ಗೋಡೆ ಇನ್ನಷ್ಟು ಬಿಗಿಯುತ್ತದೆ.

ಗಾರ್ಡನ್ ಫೋರ್ಕ್ ಇದ್ದರೆ ಅದನ್ನು ಕಾಲಿಂದ ನಾಲ್ಕು ಇಂಚು ಒತ್ತಿ, ಹಿಡಿಯನ್ನು ನಿಮ್ಮ ಕಡೆಗೆ ಒಂದಿಷ್ಟೇ ಎಳೆಯಿರಿ. ಹುಲ್ಲು ಮೇಲಕ್ಕೆ ಕಿತ್ತು ಬರಬಾರದು, ನೆಲ ಉಸಿರೆಳೆದಂತೆ ಕೊಂಚ ಉಬ್ಬಿದರೆ ಸಾಕು. ಫೋರ್ಕ್ ತೆಗೆದು ನಾಲ್ಕು ಇಂಚು ಹಿಂದೆ ಸರಿದು ಮತ್ತೆ ಒತ್ತಿ. ಹಿಂದಕ್ಕೆ ಸರಿಯುತ್ತ ಹೋದರೆ ಸಡಿಲಿಸಿದ ಜಾಗವನ್ನು ತುಳಿಯುವುದು ತಪ್ಪುತ್ತದೆ. ಮಣ್ಣಿನ ಕೊಳವೆಯನ್ನೇ ಕಿತ್ತು ತೆಗೆಯುವ ಏರೇಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಗಾರೆ ಇರುವ ಕಡೆ ಫೋರ್ಕ್ ಇಳಿಯುವುದಿಲ್ಲ, ಅಲ್ಲಿ ಹಾರೆ ಬೇಕು. ಪೂರ್ತಿ ಕೆಟ್ಟ ಜಾಗವಾದರೆ ಹುಲ್ಲಿನ ಚಾಪೆ ಎತ್ತಿ, ಮುಕ್ಕಾಲು ಅಡಿ ಅಗೆದು ಕಸ ತೆಗೆಸಿ, ಮಣ್ಣು ಗೊಬ್ಬರ ತುಂಬಿ ಮತ್ತೆ ಹಾಸಿ. ನಾನು ವರ್ಷಕ್ಕೆ ಒಂದು ಚದರದಂತೆ ಹೀಗೆ ಮಾಡಿಸಿದೆ. ಒಂದೇ ಸಲಕ್ಕೆ ನಾಲ್ಕೂ ಚದರ ಕೀಳಿಸುವ ಖರ್ಚು, ಧೈರ್ಯ ಎರಡೂ ನನ್ನಲ್ಲಿರಲಿಲ್ಲ.

ತೂತು ಮಾಡಿದ ದಿನವೇ ಮೇಲ್ಮಣ್ಣು ಕೊಡಿ. ಜರಡಿ ಹಿಡಿದ ಕೆಮ್ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಎರೆಗೊಬ್ಬರ ಒಂದು ಪಾಲು. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಒಂದು ಚದರಕ್ಕೆ 15 ಲೀಟರಿನ ಬಕೆಟ್ಟಿನಲ್ಲಿ ಮೂರು ಬಕೆಟ್ ಬೇಕಾಗುತ್ತದೆ. ಅಲ್ಲಲ್ಲಿ ಗುಡ್ಡೆ ಹಾಕಿ, ರೇಕಿನ ಬೆನ್ನಿನಿಂದ ಎಳೆದು, ಕೊನೆಗೆ ತೆಂಗಿನ ಪೊರಕೆಯಿಂದ ಮೆಲ್ಲಗೆ ಗುಡಿಸಿ ತೂತಿನೊಳಗೆ ಇಳಿಸಿ. ಮುಗಿದಾಗ ಹುಲ್ಲಿನ ತುದಿಗಳು ಮೇಲೆ ಕಾಣುತ್ತಿರಬೇಕು. ಪೂರ್ತಿ ಮುಚ್ಚಿದರೆ ಮಳೆಗೆ ಕೊಳೆಯುತ್ತದೆ. ಮರಳು ಸೇರಿಸಿ ಎನ್ನುವವರಿದ್ದಾರೆ. ಕೆಳಗಿರುವ ಮಣ್ಣು ಯಾವ ಜಾತಿಯದೋ ಮೇಲಿನದೂ ಅದೇ ಇರಲಿ ಎನ್ನುವುದು ನನ್ನ ಅಭಿಪ್ರಾಯ. ಜೇಡಿಯ ಮೇಲೆ ಬರೀ ಮರಳಿನ ಪದರ ಕೂತರೆ ನೀರು ಆ ಗಡಿಯಲ್ಲೇ ತಡೆದು ನಿಲ್ಲುತ್ತದೆ.

ಒಂದು ಎಚ್ಚರ. ಮಣ್ಣನ್ನಾಗಲಿ ಕೊಟ್ಟಿಗೆ ಗೊಬ್ಬರವನ್ನಾಗಲಿ ಲೋಡಿನಲ್ಲಿ ತರಿಸಿದರೆ ಹರಡುವ ಮೊದಲು ಕೈಯಾಡಿಸಿ ನೋಡಿ. ಕಡಲೆಬೀಜದಷ್ಟು ದೊಡ್ಡ ಕಪ್ಪು ಗಡ್ಡೆಗಳಿದ್ದರೆ ಅವು ಕೊನ್ನಾರಿ ಗಡ್ಡೆ. ಹಾಗೊಮ್ಮೆ ನೋಡದೆ ಹರಡಿಸಿ ಮೂರು ವರ್ಷ ಕೊನ್ನಾರಿ ಕಿತ್ತಿದ್ದೇನೆ. ಮೇಲಿನ ಎಲೆ ಎಳೆದರೆ ಗಡ್ಡೆ ಒಳಗೇ ಉಳಿದು ಮತ್ತೆ ಚಿಗುರುತ್ತದೆ. ಅರೆ ಕಳಿತ ಸಗಣಿ ಗೊಬ್ಬರದಲ್ಲಿ ಬೆಳ್ಳಗೆ ದಪ್ಪಗೆ ಸುರುಳಿ ಸುತ್ತಿಕೊಂಡ ಗೊಣ್ಣೆ ಹುಳುವೂ ಬರುತ್ತದೆ, ಅದು ಹುಲ್ಲಿನ ಬೇರನ್ನೇ ತಿನ್ನುತ್ತದೆ. ಕಳಿತ ಗೊಬ್ಬರಕ್ಕೆ ಸಗಣಿಯ ವಾಸನೆ ಇರಬಾರದು. ಮೊದಲ ಮಳೆಯ ಮಣ್ಣಿನ ವಾಸನೆ ಇರಬೇಕು.

ಚೀಲದ ಮೇಲಿನ ಮೂರು ಅಂಕಿ

ಗೊಬ್ಬರದ ಚೀಲದ ಮೇಲೆ 17:17:17 ಎಂದಿದ್ದರೆ ಅದು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಶೇಕಡಾ ಪ್ರಮಾಣ. ಯೂರಿಯಾದಲ್ಲಿ 46 ಶೇಕಡಾ ಸಾರಜನಕ, ಬೇರೇನೂ ಇಲ್ಲ. ಡಿಎಪಿಯಲ್ಲಿ 18 ಸಾರಜನಕ, 46 ರಂಜಕ. ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನಲ್ಲಿ 60 ಪೊಟ್ಯಾಷ್.

ಬೇರೂರಿದ ಲಾನ್ ಮುಖ್ಯವಾಗಿ ಕೇಳುವುದು ಸಾರಜನಕ, ಆಮೇಲೆ ಪೊಟ್ಯಾಷ್. ರಂಜಕ ಹೊಸದಾಗಿ ಹಾಸುವಾಗ ಬೇಕು, ಮುಂದೆ ವರದಿಯಲ್ಲಿ ಕೊರತೆ ಕಂಡರೆ ಮಾತ್ರ. ಹೀಗಾಗಿ ಪ್ರತಿ ಸಲ 17:17:17 ಅಥವಾ ಡಿಎಪಿ ಎರಚುವುದು ನನಗೆ ಒಪ್ಪಿಗೆಯಿಲ್ಲ. ಹುಲ್ಲಿಗೆ ಬೇಡದ ರಂಜಕ ಮಳೆಯೊಂದಿಗೆ ಮಣ್ಣು ಸಮೇತ ಚರಂಡಿಗೆ, ಅಲ್ಲಿಂದ ರಾಜಕಾಲುವೆ ಹಿಡಿದು ಕೆರೆಗೆ. ನಮ್ಮ ಕೆರೆಗಳನ್ನು ಹೂಳುತ್ತಿರುವುದು ಮುಖ್ಯವಾಗಿ ಒಳಚರಂಡಿಯ ನೀರು ನಿಜ, ಆದರೆ ಕೆರೆಯ ಮೇಲೆ ಹಬ್ಬುವ ಅಂತರಗಂಗೆ ಕಳೆಗೆ ನಮ್ಮ ಅಂಗಳದಿಂದಲೂ ಉಣಿಸು ಹೋಗುವುದು ಬೇಡ.

ಲೆಕ್ಕ ಹೀಗೆ. ಒಂದು ಚದರಕ್ಕೆ ಒಂದು ಕಂತಿನಲ್ಲಿ 23 ಗ್ರಾಂ ಸಾರಜನಕ ಹಿತವಾದ ಪ್ರಮಾಣ. ಬೇಕಾದ ಗ್ರಾಂ ಅನ್ನು ಚೀಲದ ಶೇಕಡಾದಿಂದ ಭಾಗಿಸಿ ನೂರರಿಂದ ಗುಣಿಸಿ. ಯೂರಿಯಾ ಆದರೆ 23 ÷ 46 × 100, ಅಂದರೆ 50 ಗ್ರಾಂ. ಅಮೋನಿಯಂ ಸಲ್ಫೇಟ್ ಆದರೆ ಸುಮಾರು 110 ಗ್ರಾಂ. ಬೇವಿನ ಹಿಂಡಿಯಲ್ಲಿ ಸಾರಜನಕ ನೂರಕ್ಕೆ ನಾಲ್ಕರ ಆಸುಪಾಸು ಇರುವುದರಿಂದ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು. ಯೂರಿಯಾ ಒಂದೇ ಸಲಕ್ಕೆ 100 ಗ್ರಾಂ ಎಂದಿಗೂ ಮೀರಬಾರದು.

ಮೆಕ್ಸಿಕನ್ ಹುಲ್ಲಿಗೆ ವರ್ಷಕ್ಕೆ ಇಂಥ ನಾಲ್ಕು ಕಂತು ಸಾಕು. ಬಫೆಲೊಗೆ ಎರಡು. ಗರಿಕೆ ಲಾನಿಗೆ ಐದಾರು. ಪ್ರತಿ ತಿಂಗಳೂ ಯೂರಿಯಾ ಹಾಕಿಸುತ್ತಿದ್ದ ಕಾಲದಲ್ಲಿ ನಾನು ಸಾಧಿಸಿದ್ದು ಹುಲ್ಲಿನ ಕಾಂಡ, ಬೇರುಗಳು ಕೊಳೆಯುವ ವೇಗಕ್ಕಿಂತ ಬೆಳೆಯುವ ವೇಗ ಹೆಚ್ಚಿಸಿ, ಬುಡದಲ್ಲಿ ಒಂದು ಇಂಚು ದಪ್ಪದ ಒಣ ಚಾಪೆ ಕಟ್ಟಿಸಿದ್ದು ಮಾತ್ರ. ಮೆಕ್ಸಿಕನ್ ಹುಲ್ಲಿಗೆ ಈ ರೋಗ ಜಾಸ್ತಿ. ನಡೆದರೆ ಸ್ಪಂಜಿನ ಮೇಲೆ ಕಾಲಿಟ್ಟಂತೆ ಆಗುತ್ತದೆ, ನೀರು ಕೆಳಗಿಳಿಯುವುದಿಲ್ಲ. ಚಾಕುವಿನಿಂದ ಒಂದು ಸಣ್ಣ ಚೌಕ ಕತ್ತರಿಸಿ ಎತ್ತಿ ನೋಡಿ. ಹಸಿರಿಗೂ ಮಣ್ಣಿಗೂ ನಡುವಿನ ಕಂದು ಪದರ ಅರ್ಧ ಇಂಚು ಮೀರಿದ್ದರೆ ಮೇ ಕೊನೆಗೆ ಕಬ್ಬಿಣದ ರೇಕಿನಿಂದ ಗೀರಿ ತೆಗೆಯಿರಿ. ಆ ಕಂತಿನ ಯೂರಿಯಾ ಬಿಟ್ಟುಬಿಡಿ.

ಎರಚುವ ಬಗೆ

ನಾಯಿ ಮೂತ್ರ ಮಾಡಿದ ಜಾಗ ನೋಡಿದ್ದೀರಲ್ಲ? ನಡುವೆ ಸುಟ್ಟು ಕಂದಾಗಿ, ಸುತ್ತ ಕಡುಹಸಿರು ಬಳೆ. ಅದೇ ಸಾರಜನಕ. ನಡುವೆ ಅತಿಯಾಯಿತು, ಅಂಚಿನಲ್ಲಿ ಹಿತವಾಯಿತು. ಏಪ್ರಿಲ್‌ನ ಒಂದು ಮಧ್ಯಾಹ್ನ ನಾನು ಮುಷ್ಟಿಯಲ್ಲಿ ತುಂಬಿಕೊಂಡು ಎರಚಿದ ಯೂರಿಯಾ ಮೂರೇ ದಿನದಲ್ಲಿ ಲಾನಿನ ಮೇಲೆ ಅರ್ಧಚಂದ್ರದ ಕಂದು ಪಟ್ಟೆಗಳನ್ನು ಬರೆಯಿತು. ಕೈ ಬೀಸಿದ ಒಂದೊಂದು ವರಸೆಯೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ಅಲ್ಲಿಂದೀಚೆಗೆ ಕ್ರಮ ಇದು.

ಹಿಂದಿನ ದಿನ ಮಳೆಯೋ ನೀರೋ ಬಿದ್ದು ಮಣ್ಣು ತೇವವಾಗಿರಬೇಕು, ಆದರೆ ಹುಲ್ಲಿನ ಎಲೆ ಒಣಗಿರಬೇಕು. ಎಲೆಯ ಮೇಲೆ ಇಬ್ಬನಿ ಇದ್ದರೆ ಕಾಳು ಅಲ್ಲೇ ಅಂಟಿಕೊಂಡು ಸುಡುತ್ತದೆ. ಸಂಜೆ ಐದರ ಮೇಲೆ ಒಳ್ಳೆಯ ಹೊತ್ತು.

ತೂಕದ ಯಂತ್ರದಲ್ಲಿ ಒಮ್ಮೆ 50 ಗ್ರಾಂ ಅಳೆದು, ಒಂದು ಹಳೆಯ ಪ್ಲಾಸ್ಟಿಕ್ ಲೋಟಕ್ಕೆ ಸುರಿದು, ಆ ಮಟ್ಟಕ್ಕೆ ನೇಲ್ ಪಾಲಿಶ್‌ನಿಂದ ಗೆರೆ ಎಳೆಯಿರಿ. ಇನ್ನು ಮುಂದೆ ತೂಕ ಬೇಡ, ಚದರಕ್ಕೊಂದು ಲೋಟ. ಅದಕ್ಕೆ ಐದಾರು ಪಟ್ಟು ಒಣ ಮರಳನ್ನೋ ಜರಡಿ ಹಿಡಿದ ಒಣ ಮಣ್ಣನ್ನೋ ಸೇರಿಸಿ ಚೆನ್ನಾಗಿ ಬೆರೆಸಿ. ಬೆರೆಸಿದ್ದನ್ನು ಸಮನಾಗಿ ಎರಡು ಪಾಲು ಮಾಡಿ. ಮೊದಲ ಪಾಲನ್ನು ಪೂರ್ವ ಪಶ್ಚಿಮವಾಗಿ ನಡೆಯುತ್ತ, ಎರಡನೆಯದನ್ನು ಉತ್ತರ ದಕ್ಷಿಣವಾಗಿ ನಡೆಯುತ್ತ ರಂಗೋಲಿ ಪುಡಿ ಉದುರಿಸಿದ ಹಾಗೆ ಬೆರಳ ಸಂದಿಯಿಂದ ಉದುರಿಸಿ. ಗ್ಲೌಸ್ ಹಾಕಿಕೊಳ್ಳಿ. ಗೋಡೆ, ಟೈಲ್ಸ್ ಬದಿಯಲ್ಲಿ ಬಿದ್ದದ್ದನ್ನು ಪೊರಕೆಯಿಂದ ಲಾನಿಗೇ ಗುಡಿಸಿ, ಚರಂಡಿಗೆ ಬೇಡ.

ಎರಚಿ ಮುಗಿದ ತಕ್ಷಣ ನೀರು. ಎಲೆ ತೊಳೆದು ಗೊಬ್ಬರ ಮಣ್ಣಿಗೆ ಇಳಿಯಲು ಚದರಕ್ಕೆ 50 ಲೀಟರಿನಷ್ಟು, ಅಂದರೆ ಅರ್ಧ ಸೆಂಟಿಮೀಟರ್ ಮಳೆ ಬಿದ್ದಷ್ಟು ಬೇಕು. ಯೂರಿಯಾ ನೆಲದ ಮೇಲೆ ಹಾಗೇ ಉಳಿದರೆ ಸೆಕೆಯ ದಿನಗಳಲ್ಲಿ ಅದರ ಗಣನೀಯ ಭಾಗ ಅಮೋನಿಯಾ ಆಗಿ ಹಾರಿಹೋಗುತ್ತದೆ, ಮೂಗಿಗೇ ತಿಳಿಯುತ್ತದೆ. ಹಾಗೆಂದು ಜಡಿಮಳೆಯ ಮುನ್ಸೂಚನೆ ಇರುವ ದಿನ ಹಾಕಿದರೆ ಕೊಚ್ಚಿಕೊಂಡು ಹೋಗುತ್ತದೆ. ಸೋನೆ ಬರುವಂತಿರುವ ಸಂಜೆ ಸಿಕ್ಕರೆ ಅದಕ್ಕಿಂತ ಬೇರೆ ಬೇಡ.

ಯಾವಾಗ ಹಾಕಬೇಕು

ನಮ್ಮ ಮೆಕ್ಸಿಕನ್ ಲಾನಿನ ವರ್ಷ ಹೀಗೆ ಸಾಗುತ್ತದೆ. ಭರಣಿ, ಕೃತ್ತಿಕೆ ಮಳೆಯ ನಡುವೆ ತೂತು ಮಾಡಿ ಮೇಲ್ಮಣ್ಣು. ಅದಾಗಿ ಹತ್ತು ದಿನಕ್ಕೆ, ಮೇ ಕೊನೆಯಲ್ಲಿ, ಮೊದಲ ಕಂತು. ಆರಿದ್ರ ಕಳೆದು ಜುಲೈ ಮೊದಲ ವಾರದ ಸುಮಾರಿಗೆ ಎರಡನೆಯದು. ವಾರಗಟ್ಟಲೆ ಜಿನುಗು ಮಳೆ ಹಿಡಿದು ಬಿಸಿಲೇ ಕಾಣದಿದ್ದರೆ ಅದನ್ನು ಮುಂದೂಡಿ, ಯಾಕೆಂದರೆ ಸೊಕ್ಕಿದ ಹಸಿ ಹುಲ್ಲಿಗೆ ಶಿಲೀಂಧ್ರ ಬೇಗ ತಗಲಿ ದುಂಡಗೆ ಕಂದು ಮಚ್ಚೆ ಬೀಳುತ್ತದೆ. ಆಗಸ್ಟ್ ನಡುವೆ ಮಳೆ ಬಿಡುವು ಕೊಟ್ಟಾಗ ಮೂರನೆಯದು.

ನಾಲ್ಕನೆಯದು ಹಸ್ತದ ಮಳೆಯ ಹೊತ್ತಿಗೆ, ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲು. ಇದರ ಜೊತೆ ಚದರಕ್ಕೆ 35 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಸೇರಿಸುತ್ತೇನೆ. ಪೊಟ್ಯಾಷ್ ಹುಲ್ಲಿನ ಬಣ್ಣ ಬದಲಿಸುವುದಿಲ್ಲ, ಹಾಗಾಗಿ ಯಾರೂ ಕೇಳಿ ಕೊಳ್ಳುವುದಿಲ್ಲ. ಆದರೆ ಜೀವಕೋಶಗಳಲ್ಲಿ ನೀರಿನ ಹಿಡಿತ ಅದರದ್ದೇ. ಮುಂದಿನ ಐದು ತಿಂಗಳ ಒಣಹವೆಗೆ ಹುಲ್ಲು ಸಿದ್ಧವಾಗುವುದು ಇದರಿಂದ. ನವೆಂಬರಿನಲ್ಲಿ ಚದರಕ್ಕೆ ಐದು ಕಿಲೋ ಎರೆಗೊಬ್ಬರ ತೆಳ್ಳಗೆ ಉದುರಿಸಿ ಆ ವರ್ಷದ ಲೆಕ್ಕ ಮುಗಿಸುತ್ತೇನೆ.

ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಗೊಬ್ಬರ ಬೇಡವೇ ಬೇಡ. ಚಳಿಯಲ್ಲಿ ಹುಲ್ಲು ಬೆಳೆಯುವುದಿಲ್ಲ, ಬೇಸಿಗೆಯಲ್ಲಿ ಬೆಳೆಸಲು ನೀರಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಬಳಸಬಾರದೆಂದು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿದ್ದು ನೆನಪಿರಬಹುದು. ಒಂದು ಚದರಕ್ಕೆ ಒಂದು ಇಂಚು ನೀರೆಂದರೆ ಸುಮಾರು 235 ಲೀಟರ್. ಆ ಬೇಸಿಗೆ ನಮ್ಮ ಲಾನಿಗೆ ತರಕಾರಿ, ಅಕ್ಕಿ ತೊಳೆದ ನೀರಲ್ಲದೆ ಏನೂ ಸಿಗಲಿಲ್ಲ. ಒಣಗಿ ಹುಲ್ಲುಗಾವಲಿನ ಬಣ್ಣಕ್ಕೆ ಬಂತು. ಮಳೆ ಬಿದ್ದ ಮೇಲೆ ಬುಡದಿಂದ ಮತ್ತೆ ಚಿಗುರಿತು. ಒಣಗಿದ ಹುಲ್ಲೆಲ್ಲ ಸತ್ತ ಹುಲ್ಲಲ್ಲ. ಆ ಹೊತ್ತಿನಲ್ಲಿ ಯೂರಿಯಾ ಹಾಕಿ ಎಬ್ಬಿಸಿದರೆ ಮಾತ್ರ ಸಾಯುತ್ತದೆ.

ನೀರು ಉಳಿಸುವ ಭರದಲ್ಲಿ ಆರ್‌ಒ ಯಂತ್ರದ ತ್ಯಾಜ್ಯ ನೀರು, ವಾಷಿಂಗ್ ಮಷೀನಿನ ಸೋಪಿನ ನೀರನ್ನು ಲಾನಿಗೆ ಬಿಡುವವರಿದ್ದಾರೆ. ಒಂದರಲ್ಲಿ ಉಪ್ಪಿನಂಶ, ಇನ್ನೊಂದರಲ್ಲಿ ಸೋಡಿಯಂ. ದಿನವೂ ಒಂದೇ ಜಾಗಕ್ಕೆ ಹೋದರೆ ಮಣ್ಣಿನ ಕಣಗಳು ಒಡೆದು ಮೇಲ್ಪದರ ಹೆಪ್ಪುಗಟ್ಟುತ್ತದೆ.

ಗೊಬ್ಬರ ಹಾಕಿದರೂ ಹಳದಿ

ಇಲ್ಲಿ ಬಹಳ ಜನ ಎಡವುತ್ತಾರೆ. ಹಳದಿ ಕಂಡ ತಕ್ಷಣ ಇನ್ನೊಂದು ಹಿಡಿ ಯೂರಿಯಾ. ಮೊದಲು ಒಂದು ಎಲೆ ಕಿತ್ತು ಬೆಳಕಿಗೆ ಹಿಡಿಯಿರಿ. ಕೆಳಗಿನ ಹಳೆಯ ಎಲೆಗಳು ಇಡಿಯಾಗಿ ಪೇಲವವಾಗಿದ್ದರೆ ಅದು ಸಾರಜನಕದ ಕೊರತೆ. ಹೊಸ ಎಲೆಯೇ ಹಳದಿಯಾಗಿ ಉದ್ದುದ್ದ ನರಗಳು ಮಾತ್ರ ಹಸಿರಾಗಿ ಗೆರೆ ಗೆರೆ ಕಂಡರೆ ಅದು ಕಬ್ಬಿಣದ ಕೊರತೆ.

ಕೆಮ್ಮಣ್ಣಿನ ಕೆಂಪೇ ಕಬ್ಬಿಣ, ಆದರೂ ಕೊರತೆ ಹೇಗೆ? ರಸಸಾರ ಏಳೂವರೆ ದಾಟಿದರೆ ಆ ಕಬ್ಬಿಣ ಬೇರಿಗೆ ಕರಗಿ ಸಿಗುವುದಿಲ್ಲ. ಗಾರೆಯ ಸುಣ್ಣ, ವರ್ಷಾನುಗಟ್ಟಲೆ ಹರಿಸಿದ ಗಡಸು ಬೋರ್‌ವೆಲ್ ನೀರು ರಸಸಾರವನ್ನು ಅಲ್ಲಿಗೆ ಒಯ್ಯುತ್ತವೆ. ನಮ್ಮ ಲಾನಿನ ಮೂರನೇ ವಾರದ ಹಳದಿ ಇದೇ ಆಗಿತ್ತು.

ತಕ್ಷಣದ ಪರಿಹಾರ ಅನ್ನಭೇದಿ, ಅಂಗಡಿಯಲ್ಲಿ ಫೆರಸ್ ಸಲ್ಫೇಟ್ ಎಂದು ಕೇಳಿ. ತಿಳಿಹಸಿರು ಹರಳು ಒಳ್ಳೆಯದು, ಕಂದು ಬಣ್ಣಕ್ಕೆ ತಿರುಗಿದ್ದು ಕೆಟ್ಟಿದೆ. ಲೀಟರಿಗೆ ಐದು ಗ್ರಾಂ ಕರಗಿಸಿ, ಅರ್ಧ ನಿಂಬೆಹಣ್ಣಿನ ರಸ ಹಿಂಡಿ, ಚದರಕ್ಕೆ ಎರಡು ಲೀಟರಿನಂತೆ ಸಂಜೆ ಎಲೆಗಳ ಮೇಲೆ ಸಿಂಪಡಿಸಿ. ನಾಲ್ಕೈದು ದಿನದಲ್ಲಿ ಬಣ್ಣ ತಿರುಗುತ್ತದೆ. ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಟೈಲ್ಸ್, ಸಿಮೆಂಟಿನ ಮೇಲೆ ಹನಿ ಬಿದ್ದರೆ ತುಕ್ಕಿನ ಕಲೆ ಉಳಿದುಬಿಡುತ್ತದೆ, ಮೊದಲೇ ಗೋಣಿಚೀಲ ಹಾಸಿಕೊಳ್ಳಿ. ದೀರ್ಘಕಾಲಕ್ಕೆ ಬೇಕಾದ್ದು ಗಾರೆ ತೆಗೆಸುವುದು, ಕಾಂಪೋಸ್ಟ್ ಹೆಚ್ಚಿಸುವುದು, ಮಳೆನೀರು ಹಿಡಿದು ಬಳಸುವುದು, ಯೂರಿಯಾದ ಬದಲು ಮಣ್ಣನ್ನು ಹುಳಿಯ ಕಡೆಗೆ ಎಳೆಯುವ ಅಮೋನಿಯಂ ಸಲ್ಫೇಟ್ ಹಾಕುವುದು.

ಹಿಂಡಿ, ಜೀವಾಮೃತ, ಅಡುಗೆಮನೆ

ಬೇವಿನ ಹಿಂಡಿ, ಹೊಂಗೆ ಹಿಂಡಿ ಎರಡೂ ಲಾನಿಗೆ ಒಗ್ಗುತ್ತವೆ. ನಿಧಾನವಾಗಿ ಕೊಡುತ್ತವೆ, ಸುಡುವುದಿಲ್ಲ. ಮಳೆಗಾಲದ ಎರಡು ಕಂತನ್ನು ಹಿಂಡಿಯಲ್ಲೇ ಮುಗಿಸಬಹುದು. ಪುಡಿ ಮಾಡಿ ಎರಚಿ, ರೇಕ್ ಆಡಿಸಿ ನೀರು ಬಿಡಿ. ಕಡಲೆಕಾಯಿ ಹಿಂಡಿಯಲ್ಲಿ ಸಾರಜನಕ ಹೆಚ್ಚಿದ್ದರೂ ಇರುವೆ, ಹೆಗ್ಗಣಗಳಿಗೆ ಹಬ್ಬ. ಎಲುಬಿನ ಪುಡಿ ಹಾಕಿದರೆ ಬೀದಿನಾಯಿಗಳು ರಾತ್ರಿಯೆಲ್ಲ ಕೆರೆಯುತ್ತವೆ.

ಜೀವಾಮೃತವನ್ನು ನಾನೂ ಮಳೆಗಾಲದಲ್ಲಿ ಎರಡು ಸಲ ಕೊಡುತ್ತೇನೆ: ಹತ್ತು ಲೀಟರ್ ನೀರಿಗೆ ಅರ್ಧ ಕಿಲೋ ನಾಟಿ ಹಸುವಿನ ಸಗಣಿ, ಅರ್ಧ ಲೀಟರ್ ಗಂಜಲ, ನೂರು ಗ್ರಾಂ ಬೆಲ್ಲ, ನೂರು ಗ್ರಾಂ ಕಡಲೆಹಿಟ್ಟು, ಒಂದು ಹಿಡಿ ಮರದ ಬುಡದ ಮಣ್ಣು. ಎರಡು ಮೂರು ದಿನ ನೆರಳಲ್ಲಿಟ್ಟು ಬೆಳಿಗ್ಗೆ ಸಂಜೆ ಕಲಕಿ, ಸೋಸಿ, ಹತ್ತರಷ್ಟು ನೀರು ಬೆರೆಸಿ ಹಾಕುವುದು. ಇದರಲ್ಲಿ ಇರುವ ಪೋಷಕಾಂಶದ ತೂಕ ಕಡಿಮೆ. ಕಾಂಪೋಸ್ಟ್ ಇಲ್ಲದ ಮಣ್ಣಿಗೆ ಇದೊಂದನ್ನೇ ಹಾಕಿ ಲಾನ್ ಹಸಿರಾಗಲಿ ಎಂದು ಕಾಯಬೇಡಿ. ಕಾಫಿ ಗಸಿ, ಮೊಟ್ಟೆ ಚಿಪ್ಪುಗಳನ್ನು ನೇರ ಹುಲ್ಲಿನ ಮೇಲೆ ಹಾಕದೆ ಕಾಂಪೋಸ್ಟ್ ಮಡಕೆಗೆ ಹಾಕಿ.

ಎಲ್ಲಕ್ಕಿಂತ ಅಗ್ಗದ ಗೊಬ್ಬರ ಕತ್ತರಿಸಿದ ಹುಲ್ಲೇ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸದೆ, ಹರಿತ ಬ್ಲೇಡಿನಲ್ಲಿ, ಹುಲ್ಲು ಒಣಗಿದ್ದಾಗ ಕತ್ತರಿಸಿದರೆ ಆ ಸಣ್ಣ ಚೂರುಗಳು ಸಂದಿಗೆ ಬಿದ್ದು ಒಂದೆರಡು ವಾರದಲ್ಲಿ ಕರಗುತ್ತವೆ. ವರ್ಷದ ಸಾರಜನಕದಲ್ಲಿ ಕಾಲುಭಾಗದಷ್ಟು ಹೀಗೇ ಮರಳುತ್ತದೆ. ಮಾಲಿಗಳು ಗುಡಿಸಿ ಚೀಲಕ್ಕೆ ತುಂಬಿ ಹೊರಗಿಡುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಉದ್ದ ಬಿಟ್ಟು ಗುಪ್ಪೆ ಬಿದ್ದದ್ದನ್ನು ಮಾತ್ರ ತೆಗೆದು ಕಾಂಪೋಸ್ಟಿಗೆ ಹಾಕಿ. ಮೆಕ್ಸಿಕನ್ ಹುಲ್ಲಿನ ಎತ್ತರ ಒಂದರಿಂದ ಒಂದೂವರೆ ಇಂಚು, ಬಫೆಲೊ ಎರಡು ಇಂಚು ಇರಲಿ. ಗೊಬ್ಬರ ಹಾಕಿದ ಮೇಲೆ ಎರಡು ಮೂರು ದಿನ ಮಷೀನ್ ಓಡಿಸಬೇಡಿ.

ಇಟ್ಟುಕೊಳ್ಳುವುದು, ಬರೆದಿಡುವುದು

ಉಳಿದ ಯೂರಿಯಾವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹೆಸರು ಬರೆದು ಎತ್ತರದಲ್ಲಿಡಿ. ಗಾಳಿಯ ತೇವ ಹೀರಿ ಕಲ್ಲಾಗುತ್ತದೆ. ನೋಡಲು ಸಕ್ಕರೆಯಂತೆ, ಕಲ್ಲುಪ್ಪಿನಂತೆ ಇರುವುದರಿಂದ ಮಕ್ಕಳ ಕೈಗೆ ಸಿಗಬಾರದು. ಬೀದಿಯಲ್ಲಿ ಅಡ್ಡಾಡುವ ಹಸುಗಳು ಗೇಟಿನೊಳಗೆ ಬರುವ ಊರಾದರೆ ಇನ್ನೂ ಜಾಗ್ರತೆ. ಯೂರಿಯಾ ತಿಂದ, ಯೂರಿಯಾ ಕಲಸಿದ ಬಕೆಟ್ಟಿನ ನೀರು ಕುಡಿದ ದನ ಗಂಟೆಗಳಲ್ಲಿ ಸಾಯಬಹುದು. ಬಕೆಟ್ ತೊಳೆದ ನೀರನ್ನೂ ಲಾನಿಗೇ ಚೆಲ್ಲಿ, ಬಕೆಟ್ ಬೋರಲು ಹಾಕಿ.

ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ಹಾಕಿದ ದಿನ, ಎಷ್ಟು ಲೋಟ, ಆ ವಾರ ಮಳೆ ಬಂತೇ, ಹತ್ತು ಕಡೆ ಸ್ಕ್ರೂಡ್ರೈವರ್ ಎಷ್ಟೆಷ್ಟು ಇಳಿಯಿತು, ಇಷ್ಟೇ. ನನ್ನ ಪುಸ್ತಕದ ಮೊದಲ ಜೂನ್ ಪುಟದಲ್ಲಿ ಹತ್ತರಲ್ಲಿ ಎಂಟು ಕಡೆ ಒಂದು ಇಂಚು ಎಂದಿದೆ. ನಾಲ್ಕನೇ ವರ್ಷದ್ದರಲ್ಲಿ ಏಳು ಕಡೆ ಐದು ಇಂಚು, ಪಕ್ಕದಲ್ಲಿ "ಬೆಳಿಗ್ಗೆ ಎರೆಹುಳುವಿನ ಹಿಕ್ಕೆ, ಎಲ್ಲೆಲ್ಲೂ" ಎಂದು ಬರೆದುಕೊಂಡಿದ್ದೇನೆ. ಗೇಟಿನ ಬಳಿಯ ಮೂಲೆ ಈಗಲೂ ಎರಡೇ ಇಂಚು. ಈ ಸಲದ ಭರಣಿ ಮಳೆಗೆ ಹಾರೆ ಅಲ್ಲಿಗೆ.